ಕಾನೂನು ಕಾಲೇಜಿನಲ್ಲಿ ವಲಸೆಯ ಪಾಠ

(ಪುಣೆಯಲ್ಲಿ ನಮ್ಮ ಸಮಾಜದ ವಿದ್ಯಾರ್ಥಿವೇತನ ವಿತರಣೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರತಿವರ್ಷ ಈ ಸಭೆಯಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ಇಂಜಿನಿಯರಿಂಗ್, ಸಿ.ಎ., ವೈದ್ಯಕೀಯ ಎಂಬ ಮೂರು ಮಾತುಗಳೇ ಮತ್ತೆ ಮತ್ತೆ ಕೇಳಿಬರುತ್ತಿದ್ದವು. ಈ ಬಾರಿ ಐವರು ಕಾನೂನು ವಿದ್ಯಾರ್ಥಿಗಳ ಹೆಸರುಗಳಿವೆ. ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಅಧ್ಯಕ್ಷರು ಫೋನಿನಲ್ಲಿ, "ವಕೀಲರೆ, ಈ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಯಾವ ವಿಷಯ ಎಂದು ಕೇಳಿದೆ. "ನಿಮಗೆ ತೋಚಿದ್ದು" ಎಂದರು. ಮೂವತ್ತು ವರ್ಷ ಮುಂಬಯಿಯಲ್ಲಿ ವಕೀಲಿ ನಡೆಸಿ, ಅದರಲ್ಲಿ ಹನ್ನೆರಡು ವರ್ಷ ಸಂಜೆಯ ಹೊತ್ತು ಕಾನೂನು ಕಾಲೇಜಿನಲ್ಲಿ ಪಾಠವನ್ನೂ ಹೇಳಿದವನಿಗೆ ತೋಚುವುದು ತಾನು ಕಲಿಯದೆ ಹೋದ, ಕಲಿಸದೆ ಬಿಟ್ಟ ಸಂಗತಿಯೇ. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ನಾನು ಸನ್ನದು ಪಡೆದ ಎರಡನೆಯ ವರ್ಷ. ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಿರಿಯನಾಗಿದ್ದೆ. ಒಂದು ಸಂಜೆ ಜರಿ ಕೆಲಸ ಮಾಡುವ ಬಸ್ತಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಆಕೆಯ ಗಂಡನನ್ನು ಬಾಂಗ್ಲಾದೇಶದವನೆಂದು ಪೊಲೀಸರು ಹಿಡಿದಿದ್ದರು. ತಮ್ಮ ಊರು ಮುರ್ಷಿದಾಬಾದ್ ಜಿಲ್ಲೆಯದು ಎಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಮಡಿಚಿ ಮಡಿಚಿ ಹರಿಯಲಾದ ಕೆಲವು ಕಾಗದಗಳು, ಬಂಗಾಳಿಯಲ್ಲಿ. ಸಂವಿಧಾನದ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ಎರಡನೆಯವನಾಗಿ ಬಂದವನು ನಾನು. ಇಪ್ಪತ್ತೊಂದನೆಯ ಅನುಚ್ಛೇದದ ಮೇಲೆ ಒಂದು ಗಂಟೆ ಮಾತನಾಡಬಲ್ಲವನಾಗಿದ್ದೆ. ಆದರೆ ಆ ಚೀಲದೊಳಗಿನ ಯಾವ ಕಾಗದ ಬೆಲೆಯುಳ್ಳದ್ದು, ಯಾವುದು ಅಲ್ಲ, ಇನ್ನು ಯಾವುದನ್ನು ತರಿಸಬೇಕು, ಎಲ್ಲಿಂದ, ಯಾರ ಸಹಿಯಿಂದ ಎಂಬುದು ನನಗೆ ತಿಳಿದಿರಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೆ? "ನಿಜ ಹೇಳಮ್ಮ, ನೀವು ಅಲ್ಲಿಯವರೇನಾ?" ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂಬುದರ ಆಚೆಗೆ ಮಾತಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದೆ. ಬರಲಿಲ್ಲ. ಆ ಗಂಡ ಏನಾದನೆಂದು ಇಂದಿಗೂ ನನಗೆ ತಿಳಿಯದು.

ಆ ಸಂಜೆಯ ಮೊದಲ ತಪ್ಪು ನನ್ನದೇ. ಆದರೆ ಮುಂದೆ ನಾನೇ ಪಾಠ ಹೇಳಲು ನಿಂತಾಗ ಪಠ್ಯಕ್ರಮವನ್ನು ಆದಿಯಿಂದ ಅಂತ್ಯದವರೆಗೆ ನೋಡಿದೆ. ವಿದೇಶಿಯರ ಕಾಯ್ದೆ ಎಲ್ಲಿಯೂ ಇರಲಿಲ್ಲ. ಪೌರತ್ವವೆಂಬುದು ಸಂವಿಧಾನದ ಪಾಠದಲ್ಲಿ ಐದರಿಂದ ಹನ್ನೊಂದನೆಯ ಅನುಚ್ಛೇದದವರೆಗಿನ ಒಂದು ತರಗತಿಯ ಮಾತು. ಪರೀಕ್ಷೆಯಲ್ಲಿ ಟಿಪ್ಪಣಿಗೆ ಬರುವ ಐದು ಅಂಕದ ವಿಷಯ.

ಈಗ ತಮ್ಮನ್ನು ಸ್ವಲ್ಪ ದೂರಕ್ಕೆ, ಅಮೆರಿಕಕ್ಕೆ ಕರೆದೊಯ್ಯುತ್ತೇನೆ. ಈ ವಿಷಯವನ್ನು ಅಲ್ಲಿನ ಕಾನೂನು ಕಾಲೇಜುಗಳು ಕಲಿಸುವ ಬಗೆಯಲ್ಲಿ ನಾವು ನೋಡತಕ್ಕದ್ದಿದೆ. ಅಮೆರಿಕದ ವಲಸೆ ಎಂದೊಡನೆ ಇಲ್ಲಿ ಕುಳಿತಿರುವ ಅನೇಕ ತಂದೆತಾಯಿಗಳಿಗೆ ಮಗನ ಎಚ್-1ಬಿ, ಸೊಸೆಯ ವೀಸಾ, ಮುಗಿಯದ ಗ್ರೀನ್ ಕಾರ್ಡಿನ ಸಾಲು ನೆನಪಾಗುತ್ತದೆ. ಯಾವ ಒಂದು ದೇಶದವರಿಗೂ ಶೇಕಡ 7ಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮ ಭಾರತೀಯರನ್ನು ಎಷ್ಟು ಕಾಲ ಕಾಯಿಸುತ್ತಿದೆ ಎಂಬುದನ್ನು ತಾವೇ ನನಗೆ ಹೇಳಬಲ್ಲಿರಿ. ಅವರಿಗೆ ಕಂಪನಿಯ ವಕೀಲರಿದ್ದಾರೆ. ನಾನು ಹೇಳಹೊರಟಿರುವುದು ವಕೀಲರಿಲ್ಲದವರ ಮಾತು.

ಅಮೆರಿಕದಲ್ಲಿ ಕಳ್ಳತನದ ಆರೋಪ ಹೊತ್ತ ಬಡವನಿಗೆ ಸರಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಆದರೆ ದೇಶದಿಂದ ಹೊರಹಾಕುವ ವಿಚಾರಣೆಯಲ್ಲಿ ಆ ಸೌಲಭ್ಯವಿಲ್ಲ. ವಕೀಲರನ್ನು ಇಟ್ಟುಕೊಳ್ಳಬಹುದು, ಸರಕಾರಕ್ಕೆ ಖರ್ಚಾಗಬಾರದು, ಅಷ್ಟೇ. 2007ರಿಂದ 2012ರವರೆಗೆ ತೀರ್ಮಾನವಾದ ಹನ್ನೆರಡು ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಇಬ್ಬರು ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು: ವಕೀಲರಿದ್ದವರು ನೂರಕ್ಕೆ 37 ಮಂದಿ, ಬಂಧನದಲ್ಲಿದ್ದವರ ಪೈಕಿ ಕೇವಲ 14. ಈ ಕೊರತೆಯ ಒಂದು ಸಣ್ಣ ಮೂಲೆಯನ್ನು ತುಂಬುತ್ತಿರುವವರು ವಿದ್ಯಾರ್ಥಿಗಳು. ಸಂಭಾವನೆ ಪಡೆಯದೆ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ನ್ಯಾಯಾಧೀಶರ ಒಪ್ಪಿಗೆಯಿಂದ ಕಾನೂನು ವಿದ್ಯಾರ್ಥಿಯು ವಲಸೆ ನ್ಯಾಯಾಲಯದಲ್ಲಿ ಕಕ್ಷಿದಾರನ ಪರ ನಿಲ್ಲಲು ಅಲ್ಲಿನ ನಿಯಮಗಳು ಅವಕಾಶ ಕೊಟ್ಟಿವೆ. ಇದಕ್ಕಾಗಿ ಕಾಲೇಜುಗಳು ನಡೆಸುವ ವ್ಯವಸ್ಥೆಗೆ ಕ್ಲಿನಿಕ್ ಎನ್ನುತ್ತಾರೆ. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆ ಹೇಗೋ ಹಾಗೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. 1994ರ ಡಿಸೆಂಬರಿನಲ್ಲಿ ಆಫ್ರಿಕದ ಟೋಗೊ ದೇಶದ ಹದಿನೇಳು ವರ್ಷದ ಹುಡುಗಿ ಫೌಜಿಯಾ ಕಸಿಂಜಾ ನ್ಯೂಯಾರ್ಕಿಗೆ ಹತ್ತಿರದ ನೆವಾರ್ಕ್ ವಿಮಾನನಿಲ್ದಾಣದಲ್ಲಿ ಇಳಿದಳು. ಕೈಯಲ್ಲಿದ್ದುದು ಬೇರೆಯವರ ಪಾಸ್‌ಪೋರ್ಟ್. ಆಕೆ ಅದನ್ನು ಬಚ್ಚಿಡಲಿಲ್ಲ. ಅಧಿಕಾರಿಯ ಮುಂದೆ ನಿಂತು ಆಶ್ರಯ ಬೇಡಿದಳು. ಆಕೆಯ ಕುಲದಲ್ಲಿ ಮದುವೆಗೆ ಮುನ್ನ ಹೆಣ್ಣುಮಕ್ಕಳ ಅಂಗಛೇದನ ಮಾಡುವ ಪದ್ಧತಿ ಇತ್ತು. ತಂದೆ ಅದನ್ನು ಒಪ್ಪದವನು. ಅಕ್ಕಂದಿರನ್ನು ಅದರಿಂದ ಉಳಿಸಿದ್ದ. ಅವನು ತೀರಿಕೊಂಡ ಮೇಲೆ ಸೋದರತ್ತೆ ಈಕೆಯನ್ನು ತನಗಿಂತ ಬಹಳ ಹಿರಿಯನಾದ, ಆಗಲೇ ಮೂವರು ಹೆಂಡಿರಿದ್ದ ಒಬ್ಬನಿಗೆ ಕೊಡಲು ನಿಶ್ಚಯಿಸಿದಳು. ಅಕ್ಕನ ನೆರವಿನಿಂದ ಹುಡುಗಿ ಘಾನಾ, ಜರ್ಮನಿಗಳನ್ನು ಹಾದು ಅಮೆರಿಕಕ್ಕೆ ಬಂದಳು. ಅಲ್ಲಿ ಆಕೆಗೆ ದೊರೆತದ್ದು ಬಂಧನ. ಮೊದಲ ದಾಖಲೆಯಲ್ಲಿ ಅಧಿಕಾರಿಗಳು ಹೆಸರನ್ನು 'ಕಸಿಂಗಾ' ಎಂದು ತಪ್ಪಾಗಿ ಬರೆದರು. ಕಾನೂನಿನ ಗ್ರಂಥಗಳಲ್ಲಿ ಆ ತೀರ್ಪು ಇಂದಿಗೂ ತಪ್ಪು ಹೆಸರಿನಲ್ಲಿಯೇ ಇದೆ. ಈ ಮಾತನ್ನು ನೆನಪಿನಲ್ಲಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಆಕೆಯ ವಕೀಲರ ಕಚೇರಿಯಲ್ಲಿ 1995ರ ಬೇಸಿಗೆಯಲ್ಲಿ ಲೈಲಿ ಮಿಲ್ಲರ್ ಬಷೀರ್ ಎಂಬ ಕಾನೂನು ವಿದ್ಯಾರ್ಥಿನಿ ಕೆಲಸಕ್ಕಿದ್ದಳು. ಈ ಅಂಗಛೇದನವು ಆಶ್ರಯಕ್ಕೆ ಆಧಾರವಾಗಬಲ್ಲದೆ ಎಂಬುದರ ಮೇಲೆ ಕಾಲೇಜಿನಲ್ಲಿ ಪ್ರಬಂಧ ಬರೆದಿದ್ದವಳು. ಫೈಲು ಆಕೆಯ ಕೈಗೆ ಬಂತು, ಸಿದ್ಧತೆಯ ಬಹುಭಾಗ ಹೆಗಲೇರಿತು. ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ವಲಸೆ ನ್ಯಾಯಾಧೀಶರು ಹುಡುಗಿಯ ಮಾತು ನಂಬತಕ್ಕದ್ದಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿದರು. ವಿದ್ಯಾರ್ಥಿನಿಯ ಬೇಸಿಗೆ ರಜೆಯ ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಆಕೆ ಅದನ್ನು ತನ್ನ ಕಾಲೇಜಾದ ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕ್ಲಿನಿಕ್ಕಿಗೆ ಒಯ್ದಳು. ಅಲ್ಲಿನ ಅಧ್ಯಾಪಕಿ ಕರೆನ್ ಮುಸಾಲೊ ಮೇಲ್ಮನವಿಯ ಹೊಣೆ ಹೊತ್ತರು.

ಮೇಲ್ಮನವಿಯಲ್ಲಿ ಅವರಿಗಿದ್ದ ದೊಡ್ಡ ಕೆಲಸ, ಹುಡುಗಿಯ ಮಾತಿನಲ್ಲಿ ನ್ಯಾಯಾಧೀಶರಿಗೆ ವಿಚಿತ್ರವಾಗಿ ಕಂಡ ಪ್ರತಿಯೊಂದು ಸಂಗತಿಯೂ ಆ ನಾಡಿನಲ್ಲಿ ಸಹಜವೆಂದು ತೋರಿಸುವುದು. ತಂದೆ ಸತ್ತ ಮೇಲೆ ತಾಯಿಯ ಮಾತು ಏಕೆ ನಡೆಯಲಿಲ್ಲ, ಅತ್ತೆಗೆ ಆ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ಕಾನೂನಿನ ಪುಸ್ತಕದಲ್ಲಿ ಸಿಗುವುದಿಲ್ಲ. ಆ ಪ್ರದೇಶವನ್ನು ಬಲ್ಲ ಮಾನವಶಾಸ್ತ್ರಜ್ಞರ ಪ್ರಮಾಣಪತ್ರ ಬೇಕಾಯಿತು. 1996ರ ಜೂನ್ 13ರಂದು ಮೇಲ್ಮನವಿ ಮಂಡಳಿ ಆಕೆಯ ಮಾತನ್ನು ನಂಬಿ ಆಶ್ರಯ ಕೊಟ್ಟಿತು. ಅದಕ್ಕೆ ಕೆಲವು ವಾರ ಮುಂಚೆ, ಸುಮಾರು ಹದಿನಾರು ತಿಂಗಳ ಸೆರೆವಾಸದ ನಂತರ, ಆಕೆ ಹೊರಬಂದಿದ್ದಳು. ಹೆಣ್ಣಾದ ಕಾರಣಕ್ಕೆ ಎದುರಾಗುವ ಹಿಂಸೆಯೂ ಆಶ್ರಯಕ್ಕೆ ಆಧಾರವಾಗಬಲ್ಲದೆಂಬ ದಾರಿಯನ್ನು ಅಲ್ಲಿನ ಕಾನೂನಿನಲ್ಲಿ ತೆರೆದ ತೀರ್ಪದು. ಆ ವಿದ್ಯಾರ್ಥಿನಿ 1997ರಲ್ಲಿ ಇಂಥ ಹೆಣ್ಣುಮಕ್ಕಳಿಗಾಗಿ ತಾಹಿರಿ ಜಸ್ಟಿಸ್ ಸೆಂಟರ್ ಎಂಬ ಸಂಸ್ಥೆಯನ್ನು ಕಟ್ಟಿದಳು.

ಎಲ್ಲ ಪ್ರಕರಣಗಳೂ ಹೀಗೆ ಮುಗಿಯುವುದಿಲ್ಲ. ಸಮುದ್ರದಲ್ಲಿಯೇ ತಡೆದು ಹಿಂದಕ್ಕೆ ಅಟ್ಟಿದ ಹೈಟಿಯ ನಿರಾಶ್ರಿತರ ಪರವಾಗಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕ ಹೆರಾಲ್ಡ್ ಕೋ ಅವರೊಡನೆ ಸರಕಾರದ ವಿರುದ್ಧ ಹೂಡಿದ ದಾವೆ 1993ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎಂಟಕ್ಕೆ ಒಂದರಂತೆ ಸೋತಿತು. ಸೋತ ಫೈಲೂ ಪಾಠವೇ.

ಹಾಗಾದರೆ ಕ್ಲಿನಿಕ್ಕಿನಲ್ಲಿ ಕಲಿಸುವುದೇನು? ಮೊದಲನೆಯದು ಕೇಳುವುದು. ನಾನು ಆ ಸಂಜೆ ಮಾಡಿದ್ದರ ತದ್ವಿರುದ್ಧ. ಕಕ್ಷಿದಾರಳು ಬಂದು ಕುಳಿತಾಗ ಮೊದಲು ನಾನು ಯಾರು, ನಾನು ಪೊಲೀಸರ ಕಡೆಯವನಲ್ಲ, ನೀವು ಹೇಳಿದ್ದು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವುದಿಲ್ಲ ಎಂದು ಹೇಳಬೇಕು. ಆಮೇಲೆ ತೆರೆದ ಪ್ರಶ್ನೆ: ನಿಮ್ಮ ಊರು ಹೇಗಿತ್ತು, ಮನೆಯಲ್ಲಿ ಯಾರಾರಿದ್ದರು. ದುಭಾಷಿಯನ್ನು ಕೂರಿಸಿಕೊಂಡರೆ ನೋಟ ಕಕ್ಷಿದಾರಳ ಮೇಲಿರಬೇಕು, ದುಭಾಷಿಯ ಮೇಲಲ್ಲ. ಮನೆಯವರನ್ನೇ ದುಭಾಷಿಯಾಗಿ ಕೂರಿಸಬಾರದು, ಏಕೆಂದರೆ ಗಂಡನ ಮುಂದೆ, ಭಾವನ ಮುಂದೆ ಹೇಳಲಾಗದ ಮಾತುಗಳಿರುತ್ತವೆ. ಹೆದರಿದ ಮನುಷ್ಯನಿಗೆ ತಾರೀಖು ನೆನಪಿರುವುದಿಲ್ಲ. ಹಬ್ಬ, ಮಳೆ, ಮಗುವಿನ ವಯಸ್ಸು ನೆನಪಿರುತ್ತವೆ. ಅವುಗಳಿಂದ ತಾರೀಖನ್ನು ಕಟ್ಟಬೇಕು. ಅಲ್ಲಿನ 1996ರ ಕಾಯ್ದೆಯ ಪ್ರಕಾರ ಆಶ್ರಯದ ಅರ್ಜಿಯನ್ನು ದೇಶಕ್ಕೆ ಬಂದ ಒಂದು ವರ್ಷದೊಳಗೆ ಹಾಕಬೇಕು, ಆದ್ದರಿಂದ ಒಂದು ತಾರೀಖು ತಪ್ಪಿದರೆ ಇಡೀ ಬದುಕು ತಪ್ಪೀತು. ಮೂರು ನಾಲ್ಕು ಬೈಠಕ್‌ಗಳ ನಂತರ ಪ್ರಮಾಣಪತ್ರದ ಕರಡು ಸಿದ್ಧವಾಗುತ್ತದೆ. ಅದನ್ನು ಆಕೆಯ ಭಾಷೆಯಲ್ಲಿ ಪೂರ್ತಿ ಓದಿ ಹೇಳಬೇಕು. ವಿದ್ಯಾರ್ಥಿಯ ಸೊಗಸಾದ ಇಂಗ್ಲಿಷ್ ಆಕೆಯ ಮಾತಿಗಿಂತ ಮುಂದೆ ಓಡಿದ್ದರೆ ಪಾಟೀ ಸವಾಲಿನಲ್ಲಿ ಪೆಟ್ಟು ತಿನ್ನುವವಳು ಆಕೆ. ವಿಚಾರಣೆಗೆ ಮುಂಚೆ ಕಾಲೇಜಿನಲ್ಲಿಯೇ ತಾಲೀಮು ನಡೆಯುತ್ತದೆ: ಒಬ್ಬರು ನ್ಯಾಯಾಧೀಶರು, ಒಬ್ಬರು ಸರಕಾರಿ ವಕೀಲರು. ವಾರಕ್ಕೊಮ್ಮೆ ಎಲ್ಲರೂ ಕುಳಿತು ತಮ್ಮ ತಮ್ಮ ಫೈಲಿನ ಗೊಂದಲಗಳನ್ನು ಬಿಚ್ಚಿಡುತ್ತಾರೆ.

ಇದರಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. ಒಬ್ಬ ಅಧ್ಯಾಪಕರು ಎಂಟು ಹತ್ತು ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಯನ್ನು ನೋಡಿಕೊಳ್ಳುವುದು ಕಷ್ಟ, ಹಾಗಾಗಿ ಖರ್ಚು ವಿಪರೀತ. ಸೆಮಿಸ್ಟರ್ ಮುಗಿಯುತ್ತದೆ, ಪ್ರಕರಣ ಮುಗಿಯುವುದಿಲ್ಲ. ಕಕ್ಷಿದಾರಳು ತನ್ನ ನೋವಿನ ಕತೆಯನ್ನು ಹೊಸ ವಿದ್ಯಾರ್ಥಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಒಬ್ಬರ ಸಂಕಟ ಇನ್ನೊಬ್ಬರ ಅಭ್ಯಾಸ ಪುಸ್ತಕವಾಗುವ ಅಪಾಯವೂ ಇದೆ. ಆದರೂ ವಕೀಲರೇ ಇಲ್ಲದ ಬಂಧನಕೇಂದ್ರದಲ್ಲಿ ಆಯ್ಕೆ ಇರುವುದು ಅನುಭವಿ ವಕೀಲ ಮತ್ತು ವಿದ್ಯಾರ್ಥಿಯ ನಡುವೆ ಅಲ್ಲ; ವಿದ್ಯಾರ್ಥಿ ಮತ್ತು ಶೂನ್ಯದ ನಡುವೆ.

ನಮ್ಮಲ್ಲಿ? ಈ ವಿಚಾರ ನಮಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಮಾಧವ ಮೆನನ್ ಅವರು ಬದುಕಿನುದ್ದಕ್ಕೂ ಇದನ್ನೇ ಹೇಳಿದರು. 1998ರಲ್ಲಿ ಕ್ಲಿನಿಕ್ ಶಿಕ್ಷಣಕ್ಕೆಂದೇ ಒಂದು ಕೈಪಿಡಿಯನ್ನು ಸಂಪಾದಿಸಿದರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯವಾಗಿವೆ: ಕರಡು ಬರವಣಿಗೆ, ವೃತ್ತಿನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್. ಕಾಗದದ ಮೇಲೆ ಕೊರತೆಯಿಲ್ಲ. ನಡೆಯುವುದೇನೆಂದು ನಾನು ಒಳಗಿದ್ದು ಕಂಡಿದ್ದೇನೆ. ಹಿಂದಿನ ವರ್ಷದವರ ಜರ್ನಲ್ ಪುಸ್ತಕ ಈ ವರ್ಷದವರ ಕೈಗೆ ಬರುತ್ತದೆ, ಅಕ್ಷರ ಮಾತ್ರ ಬದಲಾಗುತ್ತದೆ. ನೋಡದ ಮೊಕದ್ದಮೆಯ ವರದಿಗೆ ನಾನೇ ಸಹಿ ಹಾಕಿದ್ದೇನೆ, ಏಕೆಂದರೆ ನೂರಿಪ್ಪತ್ತು ಪುಸ್ತಕಗಳು, ಒಂದು ಸಂಜೆ. ಅಣಕು ನ್ಯಾಯಾಲಯದ ಸ್ಪರ್ಧೆಗೆ ದೊಡ್ಡ ಢಾಲು, ಸೂಟು, ಛಾಯಾಚಿತ್ರ. ಅಲ್ಲಿ ಕಕ್ಷಿದಾರನೇ ಇರುವುದಿಲ್ಲ! ಸಂಗತಿಗಳನ್ನು ಮುದ್ರಿಸಿ ಕೈಗೆ ಕೊಟ್ಟಿರುತ್ತಾರೆ. ನಿಜವಾದ ವಕೀಲಿಯಲ್ಲಿ ಸಂಗತಿಯನ್ನು ಹುಡುಕಿ ತೆಗೆಯುವುದೇ ಮುಕ್ಕಾಲು ಕೆಲಸ.

ನಮ್ಮ ವಿದ್ಯಾರ್ಥಿ ಅಮೆರಿಕದವರಂತೆ ವಕಾಲತ್ತು ವಹಿಸಲಾರ, ನಿಜ. ಆದರೆ ನ್ಯಾಯಾಲಯದ ಬಾಗಿಲಿಗೆ ಬರುವ ಮುಂಚಿನ ಕೆಲಸಕ್ಕೆ ಸನ್ನದು ಬೇಕಿಲ್ಲ. ಅಸ್ಸಾಮನ್ನು ನೋಡಿ. 2019ರ ಆಗಸ್ಟ್ 31ರಂದು ಪ್ರಕಟವಾದ ಪೌರರ ನೋಂದಣಿಯ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ವಿದೇಶಿಯರ ನ್ಯಾಯಾಧಿಕರಣದ ಮುಂದೆ ನಾನು ಭಾರತೀಯ ಎಂಬುದನ್ನು ರುಜುವಾತುಪಡಿಸುವ ಹೊಣೆ ಆ ವ್ಯಕ್ತಿಯದು. 1946ರ ಕಾಯ್ದೆ ಹಾಗೆ ಹೇಳಿತ್ತು. ಅದರ ಜಾಗಕ್ಕೆ ಬಂದು 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿಯೂ ಆ ಹೊಣೆ ಬದಲಾಗಿಲ್ಲ. ಮತದಾರರ ಹಳೆಯ ಪಟ್ಟಿಯಲ್ಲಿ ಅಜ್ಜನ ಹೆಸರಿದೆ. ಆದರೆ ಈ ಅಜ್ಜನಿಗೂ ಈ ಮೊಮ್ಮಗಳಿಗೂ ನಂಟು ತೋರಿಸುವ ಕಾಗದವೆಲ್ಲಿ? ಶಾಲೆಗೆ ಹೋಗದೆ ಹದಿನಾರಕ್ಕೆ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣಿಗೆ ಇರುವುದು ಗ್ರಾಮ ಪಂಚಾಯಿತಿಯ ಒಂದು ಪ್ರಮಾಣಪತ್ರ. ಅದನ್ನು ಗುವಾಹಾಟಿ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸರಿಯಾಗಿ ಪರಿಶೀಲಿಸಿ ಅದನ್ನು ಪರಿಗಣಿಸಬಹುದು ಎಂದಿತು. ಎಂದರೆ ಪಂಚಾಯಿತಿ ಕಾರ್ಯದರ್ಶಿಯನ್ನು ಹುಡುಕಬೇಕು, ಮೂಲ ರಿಜಿಸ್ಟರನ್ನು ತರಿಸಬೇಕು, ಅವನಿಂದ ಸಾಕ್ಷಿ ಹೇಳಿಸಬೇಕು. ಇದು ಸಾಕ್ಷ್ಯ ಕಾನೂನಿನ ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ.

ಇನ್ನು ಹೆಸರಿನ ಮಾತು. ರಹೀಂ ಅಲಿ ಎಂಬ ಅಸ್ಸಾಮಿನ ವ್ಯಕ್ತಿಯನ್ನು ನ್ಯಾಯಾಧಿಕರಣ 2012ರಲ್ಲಿ ಏಕಪಕ್ಷೀಯವಾಗಿ ವಿದೇಶಿಯೆಂದು ಘೋಷಿಸಿತು. ಕಾಗದಗಳನ್ನು ಒದಗಿಸಿದಾಗ ಅವುಗಳಲ್ಲಿ ಹೆಸರಿನ ಕಾಗುಣಿತ, ತಾರೀಖುಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬ ಆಕ್ಷೇಪ ಬಂತು. 2024ರ ಜುಲೈ 11ರಂದು ಸುಪ್ರೀಂ ಕೋರ್ಟು ಆತ ಭಾರತೀಯನೇ ಎಂದಿತು. ಸಣ್ಣಪುಟ್ಟ ಕಾಗುಣಿತ ವ್ಯತ್ಯಾಸಗಳು ಈ ದೇಶದಲ್ಲಿ ಎಲ್ಲೆಡೆ ಸಾಮಾನ್ಯವೆಂದೂ, ಆಧಾರವಿಲ್ಲದೆ ಯಾರನ್ನೋ ಆರಿಸಿ ನೀನು ವಿದೇಶಿಯಲ್ಲವೆಂದು ತೋರಿಸು ಎನ್ನಲಾಗದೆಂದೂ ಸ್ಪಷ್ಟಪಡಿಸಿತು. ಆ ತೀರ್ಪು ಬಂದಾಗ ರಹೀಂ ಅಲಿ ತೀರಿಕೊಂಡು ಎರಡು ವರ್ಷ ಮೀರಿತ್ತು. ನ್ಯಾಯಾಲಯಕ್ಕೆ ಅದು ಗೊತ್ತಿರಲಿಲ್ಲ.

ಇದು ಯಾರದೋ ದೂರದವರ ಕಷ್ಟವೆಂದುಕೊಳ್ಳುವ ಮುನ್ನ ನಮ್ಮ ಮನೆಗಳ ಪೆಟ್ಟಿಗೆಗಳನ್ನು ತೆರೆಯೋಣ. ಬೆಳಗಾವಿಯ ಕಡೆಯಿಂದ ಕೊಲ್ಹಾಪುರ, ಸಾಂಗಲಿ, ಪುಣೆ, ಮುಂಬಯಿಗೆ ಬಂದ ನಮ್ಮ ಹಿರಿಯರ ಹೆಸರುಗಳು ಎಷ್ಟು ಬಗೆಯಲ್ಲಿವೆ? ಊರಿನ ಉತಾರೆಯಲ್ಲಿ ಅಪ್ಪಣ್ಣನಾಗಿದ್ದವರು ಮರಾಠಿ ಶಾಲೆಯ ರಿಜಿಸ್ಟರಿನಲ್ಲಿ ಅಪ್ಪಾಸಾಹೇಬ. ಚೌಗಲಾ ಇದ್ದುದು ಚೌಗುಲೆ ಆಯಿತು. ಒಬ್ಬ ಅಣ್ಣನ ಮಕ್ಕಳು ಪಾಟೀಲರು, ಇನ್ನೊಬ್ಬನ ಮಕ್ಕಳು ಬರಿಯ 'ಜೈನ್'. ನಮ್ಮ ತಾಯಂದಿರಿಗಂತೂ ಮದುವೆಯ ದಿನವೇ ಹೊಸ ಹೆಸರು. ಯಾರೂ ನಮ್ಮನ್ನು ಕೇಳುತ್ತಿಲ್ಲ, ಆದ್ದರಿಂದ ಇದು ನಮಗೆ ಕಾಣುತ್ತಿಲ್ಲ.

ಕೇಳುತ್ತಿಲ್ಲ ಮಾತ್ರವಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಮೂರು ನೆರೆದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಸಮುದಾಯಗಳ ಹೆಸರಿದೆ. ಅದರಲ್ಲಿ ಜೈನರೂ ಇದ್ದೇವೆ. ಆ ಕಾಯ್ದೆಯ ಕುರಿತು ಈ ಸಭಾಂಗಣದಲ್ಲಿಯೇ ಎರಡು ಅಭಿಪ್ರಾಯಗಳಿವೆ, ನನ್ನದು ತಮ್ಮಲ್ಲಿ ಅನೇಕರಿಗೆ ಹಿಡಿಸದು. ಮತವನ್ನು ನೋಡಿ ಬಾಗಿಲು ತೆರೆಯುವುದು ಸರಿಯಲ್ಲವೆಂದು ನಾನು ನಂಬಿದವನು. ಆ ವಾದವನ್ನು ಇಂದು ಬೆಳೆಸುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಕಾನೂನು ನಮ್ಮ ಹೆಸರನ್ನು ಒಳಗೆ ಬರೆದಿದೆಯೆಂದ ಮೇಲೆ ಹೊರಗೆ ಉಳಿದವರ ಕಾಗದವನ್ನು ಓದಲು ಕಲಿಯುವುದಕ್ಕೆ ನಮಗೆ ಬಿಡುವೂ ಇದೆ, ಧೈರ್ಯವೂ ಇರಬೇಕು.

ಸಮಾಜದ ಹಿರಿಯರಲ್ಲಿ ನನ್ನ ಬಿನ್ನಹ. ನಾವು ಬಸದಿಯ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಕೊಡುವವರು, ಶಾಲೆ, ವಸತಿಗೃಹಗಳನ್ನೂ ಕಟ್ಟಿದವರು. ಅಣಕು ನ್ಯಾಯಾಲಯದ ಢಾಲಿಗೆ ಹಣ ಕೇಳಿ ಕಾಲೇಜಿನವರು ಬಂದರೆ ಈ ಬಾರಿ ಒಂದು ಷರತ್ತು ಹಾಕಿ. ಆ ಹಣದಲ್ಲಿ ಒಬ್ಬ ಪೂರ್ಣಾವಧಿ ಮೇಲ್ವಿಚಾರಕ ವಕೀಲರ ಸಂಬಳ, ಒಂದು ಕೋಣೆ, ಬೀಗವಿರುವ ಒಂದು ಕಪಾಟು, ದುಭಾಷಿಯ ಗೌರವಧನ ಎಂದು ಬರೆಸಿ. ಹತ್ತೇ ವಿದ್ಯಾರ್ಥಿಗಳಿರಲಿ. ಯಾವ ಸಮುದಾಯದವರ ಫೈಲು ಎಂದು ಕೇಳಬೇಡಿ.

ಐವರು ಮಕ್ಕಳಿಗೆ ಒಂದು ಮಾತು. ಬರುವ ತಿಂಗಳಿಂದ ಶನಿವಾರ ಮಧ್ಯಾಹ್ನ ನನ್ನ ಕಚೇರಿ ನಿಮಗೆ ತೆರೆದಿದೆ. ಪುಣೆಯಿಂದ ಬರುವವರ ರೈಲಿನ ಖರ್ಚು ನನ್ನದು. ಕಾಯ್ದೆಯ ಪುಸ್ತಕ ತರುವುದು ಬೇಡ, ಅದು ಅಲ್ಲಿದೆ. ಮೊದಲ ಶನಿವಾರ ನಿಮ್ಮ ಮನೆಯ ಹಿರಿಯ ಹೆಣ್ಣುಮಗಳ ಕಾಗದಗಳನ್ನು ತನ್ನಿ. ಅಜ್ಜಿಯೋ, ದೊಡ್ಡಮ್ಮನೋ, ಯಾರದಾದರೂ ಸರಿ. ಆಕೆ ಹುಟ್ಟಿದ್ದು ಎಲ್ಲಿ, ಯಾರ ಮಗಳು ಎಂಬುದನ್ನು ಆ ಕಾಗದಗಳಿಂದಲೇ ನನಗೆ ರುಜುವಾತುಪಡಿಸಿ. ಅದಕ್ಕೆ ಮುಂಚೆ ಆಕೆಯ ಪಕ್ಕದಲ್ಲಿ ಒಂದು ಗಂಟೆ ಕುಳಿತು, ಆಕೆ ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿ ಬನ್ನಿ.